ಸಹಾಯ ಬೇಕು: ಬ್ಯಾಕಪ್ ಶುರುವಾದರೆ ಸರ್ವರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದೆ

ಲಿನಕ್ಸ್ ಸರ್ವರ್, 64 ಜಿಬಿ ಇಸಿಸಿ (ತಪ್ಪು ತಿದ್ದಿಕೊಳ್ಳುವ) ರ್‍ಯಾಮ್, ಎರಡು ಪವರ್ ಸಪ್ಲೈ. ದಿನಕ್ಕೆ ಎರಡು ಮೂರು ಸಲ, ಹೆಚ್ಚಾಗಿ ಬ್ಯಾಕಪ್ ಓಡುವಾಗ, ಸುಳಿವೇ ಕೊಡದೆ ರೀಸ್ಟಾರ್ಟ್.

ಹಿಂದಿನ ಬೂಟ್‌ನ ಜರ್ನಲ್ (ಸಿಸ್ಟಂ ಲಾಗ್) ನೋಡಿದೆ. ಶಟ್‌ಡೌನ್ ಸಾಲುಗಳೇ ಇಲ್ಲ, ಮಾಮೂಲಿ ಕ್ರಾನ್ (ನಿಗದಿತ ಕೆಲಸಗಳ) ಲಾಗ್ ಆದಮೇಲೆ ಸೀದಾ ಹೊಸ ಬೂಟ್. ಕರ್ನಲ್ ಪ್ಯಾನಿಕ್ (ಓಎಸ್‌ನ ತಿರುಳೇ ಕುಸಿಯೋದು) ಕಾಣುತ್ತಿಲ್ಲ, ಹಾಗೆ ಕುಸಿದಾಗ ಮೆಮೊರಿ ಉಳಿಸಿಡುವ ಕೆಡಂಪ್ ಆನ್ ಇದ್ದರೂ ಡಂಪ್ ಫೈಲ್ ಬಿದ್ದಿಲ್ಲ. ಮೆಮೊರಿ ಖಾಲಿಯಾಗಿರಬಹುದು ಅಂತ ದಯವಿಟ್ಟು ಹೇಳಬೇಡಿ. ಮೆಮೊರಿ ಮುಗಿದಾಗ ಕರ್ನಲ್‌ನ ಓಓಎಂ ಕಿಲ್ಲರ್ ಪ್ರೋಸೆಸ್ ಕೊಲ್ಲುತ್ತೆ, ಮಷೀನನ್ನಲ್ಲ. ಮೆಮ್‌ಟೆಸ್ಟ್ 4 ಪಾಸ್ ಆಯಿತು, ಎರರ್ ಇಲ್ಲ. ಸಿಪಿಯು 68 ಡಿಗ್ರಿ ದಾಟಿಲ್ಲ.

ಅನುಮಾನ ಇರೋದು ಇಲ್ಲಿ: ಐಪಿಎಂಐ (ಹಾರ್ಡ್‌ವೇರ್ ನಿಗಾ ವ್ಯವಸ್ಥೆ) ಈವೆಂಟ್ ಲಾಗ್‌ನಲ್ಲಿ ಪ್ರತಿ ರೀಸ್ಟಾರ್ಟ್‌ಗೆ ಒಂದೆರಡು ಸೆಕೆಂಡ್ ಮುಂಚೆ 'ಪವರ್ ಸಪ್ಲೈ 2 ಇನ್‌ಪುಟ್ ಲಾಸ್ಟ್' ಅಂತಿದೆ. (ಆ ಲಾಗ್ ಬರೆಯುವ ಬಿಎಂಸಿ ಚಿಪ್‌ನ ಗಡಿಯಾರ ಯುಟಿಸಿಯಲ್ಲಿತ್ತು, ಸಮಯ ಹೊಂದಿಸಿಯೇ ಹೇಳ್ತಿದ್ದೀನಿ.) ವಾಚ್‌ಡಾಗ್ (ಸಿಸ್ಟಂ ಸ್ತಬ್ಧವಾದರೆ ರೀಸೆಟ್ ಮಾಡುವ ಟೈಮರ್) ಎಂಟ್ರಿ ಒಂದೂ ಇಲ್ಲ. ಎರಡನೆಯದು ಹೋದರೆ ಮೊದಲನೆಯದು ಪೂರ್ತಿ ಲೋಡ್ ಹೊರಬೇಕಲ್ಲ? ಅದೇ ಸೋತಿರಬೇಕು, ಅಥವಾ ಎರಡೂ ಕೇಬಲ್ ಒಂದೇ ಯುಪಿಎಸ್‌ಗೆ ಹೋಗಿರಬೇಕು.

ಸ್ಟ್ರೆಸ್-ಎನ್‌ಜಿ (ಲೋಡ್ ಹಾಕುವ ಟೂಲ್) ಓಡಿಸಿ ಒಂದೊಂದೇ ಪವರ್ ಕೇಬಲ್ ಕಿತ್ತು ನೋಡೋಣ ಅಂತಿದ್ದೀನಿ. ಡಿಸ್ಕ್ ಅನ್‌ಮೌಂಟ್ ಮಾಡೋದು ಬಿಟ್ಟು ಬೇರೇನು ಮುನ್ನೆಚ್ಚರಿಕೆ ಬೇಕು? ಬ್ಯಾಕ್‌ಪ್ಲೇನ್ (ಪವರ್ ಸಪ್ಲೈ ಕೂರುವ ಬೋರ್ಡ್) ಕನೆಕ್ಟರ್ ಸಡಿಲವಾದರೂ ಇದೇ 'ಇನ್‌ಪುಟ್ ಲಾಸ್ಟ್' ಎಂಟ್ರಿ ಬರುತ್ತಾ?