ಇಳಿಸಿಕೊಂಡ ಮೇಲ್ ಕಡತ ತೆರೆದರೆ ಖಾಲಿ: ಏನು ಮಾಡಬೇಕು?

ಪ್ರಶ್ನೆ (ಮಂಡ್ಯ, ಬೆಲ್ಲದ ವರ್ತಕರ ಮಗಳು):
ನಮಸ್ಕಾರ ಸರ್. ಅಪ್ಪನ ಜಿಮೇಲ್‌ನ 15 ಜಿಬಿ ತುಂಬಿ ಹೊಸ ಮೇಲ್ ಬರೋದೇ ನಿಂತುಹೋಗಿದೆ. ಹಳೇ ಬಿಲ್ಲು, ಲಾರಿ ರಸೀದಿ, ಹೊರರಾಜ್ಯದ ವರ್ತಕರ ಆರ್ಡರು ಎಲ್ಲಾ ಅದರಲ್ಲೇ ಇವೆ. ನಮ್ಮ ಮಾಹಿತಿ ಇಳಿಸಿಕೊಳ್ಳೋಕೆ ಗೂಗಲ್ ಕೊಡೋ ಟೇಕ್‌ಔಟ್ ಸೇವೆಯಿಂದ ಪೂರ್ತಿ ಇಳಿಸಿಕೊಂಡು, ಜಿಪ್ ಬಿಚ್ಚಿ, ಒಳಗಿದ್ದ ಎಂಬಾಕ್ಸ್ ಕಡತವನ್ನು ಕಂಪ್ಯೂಟರಿನಲ್ಲಿ ಮೇಲ್ ಓದೋ ಥಂಡರ್‌ಬರ್ಡ್ ತಂತ್ರಾಂಶದ ಲೋಕಲ್ ಫೋಲ್ಡರ್ಸ್ ಜಾಗಕ್ಕೆ ಹಾಕಿದೆ. ಫೋಲ್ಡರ್ ಹೆಸರು ಕಾಣುತ್ತೆ, ಒಳಗೆ ಒಂದು ಮೇಲೂ ಇಲ್ಲ. ಅಪ್ಪ ಇವತ್ತೇ ಜಿಮೇಲ್‌ನಲ್ಲಿರೋ ಹಳೇದನ್ನೆಲ್ಲ ಅಳಿಸು ಅಂತಿದ್ದಾರೆ. ಏನ್ ಮಾಡ್ಲಿ?

ಉತ್ತರ (ಮೈಸೂರು, ಮೇಲ್ ವರ್ಗಾವಣೆ ಕೆಲಸ ಮಾಡುವವರು):
ಮೇಡಂ, ದಯವಿಟ್ಟು ಜಿಮೇಲ್‌ನಲ್ಲಿ ಏನನ್ನೂ ಅಳಿಸಬೇಡಿ. ಅಪ್ಪನಿಗೆ ಎರಡು ದಿನ ತಡೀರಿ ಅಂತ ಹೇಳಿ. ನನ್ನ ಹತ್ತಿರ ಬರುವವರಲ್ಲಿ ನಿಜವಾಗಿ ಮೇಲ್ ಕಳೆದುಕೊಂಡವರೆಲ್ಲ ಈ ಅವಸರದಲ್ಲೇ ಕಳೆದುಕೊಂಡವರು.

ಮೊದಲು ಆ ಕಡತದ ಮೇಲೆ ಬಲಗಡೆ ಕ್ಲಿಕ್ ಮಾಡಿ ಗಾತ್ರ ನೋಡಿ. ಕೆಲವು ಜಿಬಿ ತೋರಿಸಿದರೆ ಮೇಲ್ ಒಳಗೇ ಇದೆ, ಥಂಡರ್‌ಬರ್ಡ್ ತೋರಿಸುತ್ತಿಲ್ಲ ಅಷ್ಟೆ. ಕೆಲವೇ ಕೆಬಿ ಇದ್ದರೆ ತಪ್ಪಾಗಿರುವುದು ಇಳಿಸುವಾಗಲೇ. ಈ ಎರಡಕ್ಕೂ ಮದ್ದು ಬೇರೆ ಬೇರೆ, ಅದಕ್ಕೇ ಗಾತ್ರ ನೋಡದೆ ನಾನು ಮುಂದಕ್ಕೆ ಹೋಗುವುದಿಲ್ಲ.

ಎಂಬಾಕ್ಸ್ ಅಂದರೆ ಒಂದು ಉದ್ದನೆಯ ಪಠ್ಯ ಕಡತ, ಅಷ್ಟೆ. ಮೇಲ್‌ಗಳು ಒಂದರ ಕೆಳಗೊಂದು ಇರುತ್ತವೆ. ‘ಫ್ರಮ್’ ಎಂದು ಶುರುವಾಗುವ ಸಾಲು ಬಂದಲ್ಲೆಲ್ಲ ಹೊಸ ಮೇಲ್ ಶುರು ಅಂತ ಲೆಕ್ಕ. ಇಷ್ಟು ದೊಡ್ಡದನ್ನು ಪ್ರತಿ ಸಲ ಓದಲಾಗದು ಅಂತ ಥಂಡರ್‌ಬರ್ಡ್ ಪಕ್ಕದಲ್ಲೇ ಎಂಎಸ್‌ಎಫ್ ಅನ್ನೋ ಪುಟ್ಟ ಸೂಚಿ ಕಡತ ಮಾಡಿಕೊಂಡು ಅದನ್ನಷ್ಟೇ ನೋಡುತ್ತದೆ. ನಿಮ್ಮ ಗೋದಾಮಿನಲ್ಲಿ ಬೆಲ್ಲದ ಮೂಟೆ ಇದ್ದರೂ ರಿಜಿಸ್ಟರಿಗೆ ಏರಿಸಿಲ್ಲದಿದ್ದರೆ ಗುಮಾಸ್ತರು ಸರಕಿಲ್ಲ ಅಂತಾರಲ್ಲ, ಹಾಗೆ. ಥಂಡರ್‌ಬರ್ಡ್ ತೆರೆದಿರುವಾಗಲೇ ಕಡತ ಹಾಕಿದ್ದರೆ, ನಕಲು ಮುಗಿಯುವ ಮೊದಲೇ ಖಾಲಿ ಸೂಚಿ ಹುಟ್ಟಿಬಿಟ್ಟಿರುತ್ತದೆ.

ಥಂಡರ್‌ಬರ್ಡ್ ಪೂರ್ತಿ ಮುಚ್ಚಿ. ಎಂಬಾಕ್ಸ್‌ನ ಇನ್ನೊಂದು ಪ್ರತಿ ಬೇರೆ ಕಡೆ ಇಟ್ಟುಕೊಳ್ಳಿ. ಲೋಕಲ್ ಫೋಲ್ಡರ್ಸ್ ಜಾಗದಲ್ಲಿ ಅದೇ ಹೆಸರಿನ ಎಂಎಸ್‌ಎಫ್ ಕಡತವನ್ನು ಮಾತ್ರ ಅಳಿಸಿ. ಗಾತ್ರ ನೋಡಿ ಅಳಿಸಿ, ಚಿಕ್ಕದು ಸೂಚಿ, ದೊಡ್ಡದು ನಿಮ್ಮ ಮೇಲ್. ದೊಡ್ಡ ಕಡತದ ಹೆಸರನ್ನು ಬಾಲವಿಲ್ಲದೆ (ಚುಕ್ಕೆಯ ನಂತರದ ಭಾಗವಿಲ್ಲದೆ) ಚಿಕ್ಕದಾಗಿ ‘ಅಪ್ಪ’ ಅಂತ ಇಟ್ಟರೂ ನಡೆಯುತ್ತದೆ. ಮತ್ತೆ ತೆರೆದು ಫೋಲ್ಡರ್ ಮೇಲೆ ಒತ್ತಿ ಬಿಟ್ಟುಬಿಡಿ. ಇಷ್ಟು ದೊಡ್ಡ ಕಡತಕ್ಕೆ ಸೂಚಿ ಕಟ್ಟಲು ಹೊತ್ತು ಹಿಡಿಯುತ್ತದೆ, ನಡುವೆ ಮುಚ್ಚಬೇಡಿ. ಬರದಿದ್ದರೆ ಫೋಲ್ಡರ್‌ನ ಪ್ರಾಪರ್ಟೀಸ್‌ನಲ್ಲಿ ರಿಪೇರ್ ಫೋಲ್ಡರ್ ಒತ್ತಿ. ಅಳಿಸಿದ ಮೇಲ್‌ಗಳನ್ನು ಕಡತದಿಂದಲೇ ತೆಗೆದುಹಾಕುವ ಕಾಂಪ್ಯಾಕ್ಟ್ ಮಾತ್ರ ಈಗ ಬೇಡ.

ಅದೇ ಸದಸ್ಯೆ:
ಬಂತು ಸರ್! 6 ಜಿಬಿ ಇತ್ತು, ಸೂಚಿ ಅಳಿಸಿದ ಮೇಲೆ ಎಲ್ಲಾ ಬಂತು. ಆದರೆ ಬಂದಿದ್ದು, ಕಳಿಸಿದ್ದು ಎಲ್ಲಾ ಒಂದೇ ಕಡೆ ಕಲಸಿಹೋಗಿದೆ. ಇನ್ನೊಂದು, ಹಳೇ ಕನ್ನಡ ಪತ್ರಗಳು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರ್ತಿವೆ. ಕೆಟ್ಟುಹೋಗಿವೆಯಾ?

ಉತ್ತರ:
ಕೆಟ್ಟಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಪತ್ರಗಳಿರಬೇಕು. ಆ ಫಾಂಟ್ ಕಂಪ್ಯೂಟರಿನಲ್ಲಿಲ್ಲದಿದ್ದರೆ ಹಾಗೇ ಕಾಣುವುದು. ಆ ಫಾಂಟ್ ಹಾಕಿಕೊಂಡು ಪತ್ರವನ್ನು ಅದರಲ್ಲೇ ತೆರೆದರೆ ಓದಲು ಬರುತ್ತವೆ. ಇಂಥ ಪತ್ರಗಳನ್ನು ಕೆಟ್ಟವು ಅಂತ ಎಸೆದವರಿದ್ದಾರೆ, ಕೇಳಿದಾಗ ಹೊಟ್ಟೆ ಉರಿಯುತ್ತದೆ.

ಕಲಸಿರುವುದಕ್ಕೆ ಕಾರಣ, ಜಿಮೇಲ್‌ನಲ್ಲಿ ಫೋಲ್ಡರ್ ಇಲ್ಲ, ಲೇಬಲ್ ಮಾತ್ರ. ಟೇಕ್‌ಔಟ್ ಲೇಬಲ್ ಹೆಸರನ್ನು ಪ್ರತಿ ಮೇಲ್‌ನ ತಲೆಬರಹದಲ್ಲಿ (ಹೆಡರ್) ಬರೆದು ಎಲ್ಲವನ್ನೂ ಒಂದೇ ಕಡತಕ್ಕೆ ತುಂಬುತ್ತದೆ. ಬೇರೆ ಬೇರೆ ಬೇಕಿದ್ದರೆ ಮತ್ತೊಮ್ಮೆ ಟೇಕ್‌ಔಟ್ ಹಾಕುವಾಗ ಲೇಬಲ್ ಆರಿಸಿ, ಒಂದೊಂದಕ್ಕೂ ಒಂದು ಕಡತ ಬರುತ್ತದೆ. ಇಳಿಸುವ ಕೊಂಡಿ ಸುಮಾರು ಒಂದು ವಾರ ಮಾತ್ರ ಇರುತ್ತದೆ, ಮರೆಯಬೇಡಿ.

ಪ್ರಶ್ನೆ (ಮೈಸೂರು, ಚಾಮುಂಡಿಪುರಂ, ಲೆಕ್ಕಪರಿಶೋಧಕರ ಕಚೇರಿ):
ಸರ್, ನಮ್ಮದು ಔಟ್‌ಲುಕ್. ಎಕ್ಸ್‌ಪೋರ್ಟ್ ಮಾಡಿದ ಎರಡು ಪಿಎಸ್‌ಟಿ ಕಡತ (ಔಟ್‌ಲುಕ್ ಮೇಲ್ ತುಂಬಿಡೋ ಕಡತ) ಇವೆ, ಒಂದು 265 ಕೆಬಿ, ಇನ್ನೊಂದು 3 ಜಿಬಿ. ಎರಡೂ ಖಾಲಿ ಕಾಣ್ತಿವೆ.

ಉತ್ತರ:
265 ಕೆಬಿ ಅಂದರೆ ಹೊಸದಾಗಿ ಹುಟ್ಟಿದ ಬರಿದೇ ಪಿಎಸ್‌ಟಿ. ಅದರೊಳಗೆ ಹುಡುಕಬೇಡಿ, ಇಲ್ಲ. ಎಕ್ಸ್‌ಪೋರ್ಟ್ ಮಾಡುವಾಗ ಮೇಲಿನ ಖಾತೆ ಹೆಸರು ಆರಿಸಿ, ಒಳಫೋಲ್ಡರ್ ಸೇರಿಸು ಅನ್ನೋ ಗುರುತು ಹಾಕದೇ ಬಿಟ್ಟಿದ್ದರೆ ಹೀಗೇ ಆಗುತ್ತದೆ. ಮತ್ತೆ ಮಾಡಿ.

3 ಜಿಬಿಯದು ಬೇರೆ ಕಥೆ. ಆ ಖಾತೆ ಐಮ್ಯಾಪ್‌ನದಾಗಿತ್ತೇ, ಅಂದರೆ ಮೇಲ್ ಸರ್ವರ್‌ನಲ್ಲೇ ಇಟ್ಟು ನೋಡುವ ವಿಧಾನದ್ದೇ? ಆಗಿದ್ದರೆ ಫೋಲ್ಡರ್‌ಗಳ ಮೇಲೆ ಐಮ್ಯಾಪ್ ಅನ್ನೋ ಗುರುತು ಉಳಿದಿರುತ್ತದೆ. ಪಿಎಸ್‌ಟಿಯಾಗಿ ತೆರೆದಾಗ ಔಟ್‌ಲುಕ್ ಅದಕ್ಕೆ ಐಮ್ಯಾಪ್ ಫಿಲ್ಟರ್ ಹಾಕಿ ಮೇಲ್ ಬಚ್ಚಿಡುತ್ತದೆ. ವ್ಯೂ ಟ್ಯಾಬ್‌ನಲ್ಲಿ ವ್ಯೂ ಸೆಟ್ಟಿಂಗ್ಸ್‌ಗೆ ಹೋಗಿ ಫಿಲ್ಟರ್ ತೆಗೆಯಿರಿ. ಒಂದು ಫೋಲ್ಡರ್‌ನಲ್ಲಿ ಬಂದರೆ ಉಳಿದವಕ್ಕೂ ಅದನ್ನೇ ಮಾಡಿ. ಕಂಡ ಮೇಲ್‌ಗಳನ್ನು ಹೊಸ ಫೋಲ್ಡರ್‌ಗೆ ನಕಲು ಮಾಡಿಟ್ಟರೆ ಕಾಟ ಮುಗಿಯಿತು.

ಇನ್ನೂ ಒಂದು ವಿಷಯ, ಇದು ಲೆಕ್ಕಪತ್ರದವರು ತಿಳಿದಿರಲೇಬೇಕಾದದ್ದು. ಎಕ್ಸ್‌ಚೇಂಜ್ ಖಾತೆಯಲ್ಲಿ (ಮೈಕ್ರೋಸಾಫ್ಟ್‌ನ ಕಚೇರಿ ಮೇಲ್ ಸೇವೆ) ಔಟ್‌ಲುಕ್ ಎಷ್ಟು ತಿಂಗಳ ಮೇಲ್ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬೇಕು ಅನ್ನೋದಕ್ಕೆ ಒಂದು ಜಾರುಪಟ್ಟಿ ಇದೆ. ಎಷ್ಟೋ ಕಡೆ ಅದು ಒಂದು ವರ್ಷಕ್ಕೇ ನಿಂತಿರುತ್ತದೆ. ಎಕ್ಸ್‌ಪೋರ್ಟ್ ತೆಗೆದುಕೊಳ್ಳುವುದು ಕಂಪ್ಯೂಟರಿನಲ್ಲಿ ಇರುವಷ್ಟನ್ನೇ. ಅದನ್ನು ‘ಎಲ್ಲ’ಕ್ಕೆ ಎಳೆದು, ಪೂರ್ತಿ ಇಳಿದ ಮೇಲೆ ಎಕ್ಸ್‌ಪೋರ್ಟ್ ಮಾಡಿ.

ಪ್ರಶ್ನೆ (ಮೈಸೂರು, ಕುವೆಂಪುನಗರ):
ನಂದು ಮ್ಯಾಕ್. ಆಪಲ್ ಮೇಲ್‌ನಿಂದ ತೆಗೆದ ಎಂಬಾಕ್ಸ್ ಅನ್ನು ವಿಂಡೋಸ್‌ಗೆ ತಂದರೆ ಥಂಡರ್‌ಬರ್ಡ್‌ನಲ್ಲಿ ಏನೂ ಬರ್ತಿಲ್ಲ.

ಉತ್ತರ:
ಆಪಲ್‌ನ ಎಂಬಾಕ್ಸ್ ಒಂದು ಕಡತವಲ್ಲ, ಫೋಲ್ಡರ್. ಅದರೊಳಗೆ ಬಾಲವಿಲ್ಲದ ‘ಎಂಬಾಕ್ಸ್’ ಹೆಸರಿನ ಕಡತ ಇದೆ, ಅದನ್ನು ಮಾತ್ರ ಎತ್ತಿಕೊಂಡು ಹಾಕಿ.

ಮಂಡ್ಯದ ಸದಸ್ಯೆ:
ಸರ್, ಈಗ ಜಿಮೇಲ್‌ನಲ್ಲಿ ಅಳಿಸಬಹುದಾ?

ಉತ್ತರ:
ಲೆಕ್ಕ ತಾಳೆಯಾದ ಮೇಲೆ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಕಾನ್ವರ್ಸೇಶನ್ ವ್ಯೂ ಆಫ್ ಮಾಡಿ, ಇಲ್ಲದಿದ್ದರೆ ಅದು ಮಾತುಕತೆಗಳನ್ನು ಎಣಿಸುತ್ತದೆ, ಮೇಲ್‌ಗಳನ್ನಲ್ಲ. ಆಲ್ ಮೇಲ್‌ನ ಸಂಖ್ಯೆಗೆ ಸ್ಪ್ಯಾಮ್, ಕಸದಬುಟ್ಟಿಯದನ್ನು ಕೂಡಿಸಿ ಥಂಡರ್‌ಬರ್ಡ್‌ನ ಸಂಖ್ಯೆಯ ಜೊತೆ ಹೋಲಿಸಿ. ಟೇಕ್‌ಔಟ್ ಆದ ಮೇಲೆ ಬಂದವಷ್ಟೇ ವ್ಯತ್ಯಾಸ ಇರಬೇಕು. ತೀರಾ ಹಳೇ ವರ್ಷದ ಒಂದೆರಡು ಬಿಲ್ಲು ತೆರೆದು ಲಗತ್ತು ಬರುತ್ತದೆಯೇ ನೋಡಿ. ಎಂಬಾಕ್ಸ್ ಅನ್ನು ಇನ್ನೊಂದು ಡಿಸ್ಕ್‌ಗೂ ಹಾಕಿಡಿ. ಹಳೇ ಪೆನ್‌ಡ್ರೈವ್ ಎಫ್‌ಎಟಿ32 ಅನ್ನೋ ಹಳೇ ಫಾರ್ಮ್ಯಾಟ್‌ನಲ್ಲಿದ್ದರೆ 4 ಜಿಬಿ ಮೀರಿದ ಕಡತ ಹಿಡಿಸುವುದಿಲ್ಲ, ಅದನ್ನು ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ಮಾಡಿಕೊಳ್ಳಬೇಕು. ಹಾಗೆ ಮಾಡಿದರೆ ಒಳಗಿದ್ದದ್ದೆಲ್ಲ ಹೋಗುತ್ತದೆ, ಮೊದಲೇ ತೆಗೆದಿಡಿ.

ಆಮೇಲೆ ದೊಡ್ಡ ಲಗತ್ತು ಇರುವವನ್ನು ಮೊದಲು ಅಳಿಸಿ. ಕಸದಬುಟ್ಟಿಯಲ್ಲಿ ಅವು 30 ದಿನ ಇರುತ್ತವೆ, ಅಲ್ಲಿಯವರೆಗೆ ಜಾಗ ಬಿಡುಗಡೆಯಾಗುವುದಿಲ್ಲ. ಹೊಸ ಮೇಲ್ ಕೂಡಲೇ ಬರಬೇಕೆಂದರೆ ಬುಟ್ಟಿಯನ್ನೂ ಖಾಲಿ ಮಾಡಬೇಕು. ಆ ಗುಂಡಿ ಒತ್ತುವಾಗ ಅಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವ ವರ್ತಕರ ಪತ್ರ ಬೇಕು, ಯಾವುದು ಬೇಡ ಅನ್ನೋದು ಅವರಿಗೇ ಗೊತ್ತು.