ಔದುಂಬರದ ಖಾನಾವಳಿ

“ಮತ್ತೆ ತುಂಬಿದೆಯಂತೆ?” ಅಂದ ಕುಲಕರ್ಣಿ, ಗಿರ್ಮಿಟ್ ಪ್ಲೇಟಿನಿಂದ ತಲೆ ಎತ್ತದೆ.

“ತಿನ್ನೋ ಹೊತ್ತಲ್ಲಿ ಆ ಮಾತು ಬೇಡ,” ಅಂದ ಬಸಣ್ಣ. ಅಂದವನೇ ತಾನೇ ಶುರು ಮಾಡಿದ. “ಹೋದ ತಿಂಗಳು ತಾನೇ ಗಾಡಿ ಕರೆಸಿ ಎಳೆಸಿದ್ದೆ. ಈಗ ಸಂಡಾಸಕ್ಕೆ ನೀರು ಹಾಕಿದರೆ ಗುಳುಗುಳು ಅನ್ನುತ್ತೆ, ಇಳಿಯಲ್ಲ.”

“ಸೆಪ್ಟಿಕ್ ಟ್ಯಾಂಕ್ ಯಾವಾಗಲೂ ತುಂಬೇ ಇರುತ್ತೆ ನೋಡಪಾ,” ಅಂದ ಹಿರೇಮಠ. “ಗಟ್ಟಿ ತಳಕ್ಕೆ, ಜಿಡ್ಡು ಮೇಲಕ್ಕೆ, ನಡುವಿನ ನೀರು ಇಂಗುಗುಂಡಿಗೆ. ಆ ಗುಂಡಿಗೆ ಹೋಗೋ ಪೈಪ್ ಕಟ್ಟಿಕೊಂಡರೆ ನೀನು ದಿನಾ ಗಾಡಿ ಕರೆಸಿದರೂ ಅಷ್ಟೇ. ಚೇಂಬರ್ ತೆಗೆಸಿ ನೋಡಿದೆಯಾ?”

“ನೋಡಿದೆ. ಬರೀ ಬೇರು. ಎಳೆದಷ್ಟೂ ಬರುತ್ತಲೇ ಇದೆ. ಅಂಗಳದ ಅತ್ತಿ ಮರದ್ದು.”

“ಹಂಗಾದರೆ ಅದು ಟ್ಯಾಂಕಲ್ಲ ಬಸಣ್ಣ, ಖಾನಾವಳಿ. ಅತ್ತಿ ಮರ ತಿಂಗಳ ಲೆಕ್ಕ ಬರೆಸಿದೆ.”

“ಗಟ್ಟಿ ಪೈಪಿನೊಳಗೆ ಅದು ಹೆಂಗೆ ಹೊಕ್ಕಿತು?”

“ಗಟ್ಟಿ ಪೈಪನ್ನ ಬೇರು ಕೊರೆಯಲ್ಲ. ಪಸೆ ಇದ್ದ ಕಡೆ ಬೆಳೀತಾ ಹೋಗುತ್ತೆ. ನಿಮ್ಮದು ಹಳೇ ಸ್ಟೋನ್‌ವೇರ್ ಪೈಪು, ಸಿಮೆಂಟ್ ಜಾಯಿಂಟು. ಕೆಳಗೆ ಹುಬ್ಬಳ್ಳಿಯ ಎರೆ ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರಿಯುತ್ತೆ. ಜಾಯಿಂಟ್ ಬಾಯಿ ಬಿಡದೆ ಏನು ಮಾಡುತ್ತೆ? ಕೂದಲೆಳೆಯಷ್ಟು ಬೇರು ಒಳಗೆ ಹೋಗುತ್ತೆ. ನೀರು, ಗಾಳಿ, ಗೊಬ್ಬರ ಎಲ್ಲ ಒಂದೇ ತಾಟಿನಲ್ಲಿ. ಉಂಡು ಉಂಡು ಎಷ್ಟು ದಪ್ಪ ಆಗುತ್ತೆ ಅಂದರೆ ಆಮೇಲೆ ಬಾಗಿಲಲ್ಲಿ ಹಿಡಿಸಲ್ಲ.”

ಕುಲಕರ್ಣಿ ಫೋನ್ ತೆಗೆದ. ಅವನ ಫೋನಿನಲ್ಲಿ ಇಲ್ಲದ ಮದ್ದಿಲ್ಲ. “ಮೈಲುತುತ್ತ ಹಾಕು. ದ್ರಾಕ್ಷಿ ತೋಟದವರು ಸುಣ್ಣ ಸೇರಿಸಿ ಹೊಡೀತಾರಲ್ಲ, ಅದೇ. ಬೇರು ಸಾಯುತ್ತೆ.”

“ಸಾಯುತ್ತೆ. ಜೊತೆಗೆ ಹೊಲಸು ಕರಗಿಸೋ ಬ್ಯಾಕ್ಟೀರಿಯಾನೂ ಸಾಯುತ್ತವೆ. ಒಬ್ಬ ಗಿರಾಕಿ ಜಾಸ್ತಿ ಉಣ್ಣುತ್ತಾನೆ ಅಂತ ಅಡುಗೆಯವರಿಗೆ ವಿಷ ಹಾಕ್ತೀಯಾ?”

“ಹಂಗಾದರೆ ಬಯೋ ಎಂಜೈಮ್! ಒಂದು ಪಾಲು ಬೆಲ್ಲ, ಮೂರು ಪಾಲು ಹಣ್ಣಿನ ಸಿಪ್ಪೆ, ಹತ್ತು ಪಾಲು ನೀರು. ಮೂರು ತಿಂಗಳು ಮುಚ್ಚಿಡಬೇಕು.”

“ಭೇಷ್. ಊಟ ಆದಮೇಲೆ ಪಾನಕ.”

“ಇಬ್ಬರೂ ಸುಮ್ನಿರಿ,” ಅಂದ ಬಸಣ್ಣ. “ಕಡಿಸೋದೊಂದೇ ದಾರಿ. ಆದರೆ ಅದು ಔದುಂಬರ, ದತ್ತಾತ್ರೇಯನ ಮರ. ಗಾಣಗಾಪುರಕ್ಕೆ ಹೋಗಿ ಬಂದ ವರ್ಷ ನೆಟ್ಟದ್ದು. ನಿಮ್ಮ ವೈನಿ ಗುರುವಾರ ಗುರುವಾರ ಸುತ್ತು ಹಾಕುತ್ತಾಳೆ. ಮನೆ ಬಿಟ್ಟು ಬೇಕಾದರೆ ನಾನು ಹೋಗಬಹುದು, ಅದು ಹೋಗಲ್ಲ.”

“ಕಡಿಯೋಕೆ ಪರವಾನಗಿನೂ ಬೇಕು. 1976ರ ಕಾಯ್ದೆ ಇದೆ,” ಅಂದ ಕುಲಕರ್ಣಿ. ಇದೊಂದು ಅವನು ಫೋನ್ ನೋಡದೆ ಹೇಳಿದ.

ಹಿರೇಮಠ ಚಹಾದ ಕಪ್ ಕೆಳಗಿಟ್ಟ. “ಬಸಣ್ಣ, ಈ ಮರ ಮೊದಲೆಲ್ಲಿ ಉಣ್ಣುತ್ತಿತ್ತು?”

“ಎಲ್ಲಿ ಅಂದರೆ? ಅಂಗಳದಲ್ಲೇ.”

“ಆ ಅಂಗಳಕ್ಕೆ ನೀನೇನು ಮಾಡಿದೆ?”

ಬಸಣ್ಣ ರಸ್ತೆ ಕಡೆ ನೋಡಿದ. “ಪೇವರ್ಸ್ ಹಾಕಿಸಿದೆ.”

“ಗೇಟಿನಿಂದ ಹಿತ್ತಿಲವರೆಗೆ! ಬುಡದಲ್ಲಿ ಒಂದು ಚರಿಗೆ ನೀರು ಹಿಡಿಸೋಕೂ ಜಾಗ ಬಿಡಲಿಲ್ಲ. ಈಗ ಊರಿಗೂರೇ ಹೀಗೆ. ಒಬ್ಬರದು ಕೆಂಪು, ಒಬ್ಬರದು ಹಳದಿ, ಒಬ್ಬರದು ಹಾವಿನ ಹಾಗೆ ವಂಕಿ. ಮನೆ ಮುಂದೆ ಮಣ್ಣು ಕಂಡರೆ ಬೀಗರ ಎದುರು ಅವಮಾನ. ಮಳೆ ನೀರೆಲ್ಲ ಜಾರಿ ಗಟಾರಕ್ಕೆ. ಊರಿನ ಊಟದ ಮನೆ ಎಲ್ಲ ಬಂದ್ ಮಾಡಿಸಿ, ಒಂದೇ ಒಂದು ಖಾನಾವಳಿ ತೆರೆದಿಟ್ಟು, ಹಸಿದವರು ಬಂದರು ಅಂತ ಸಿಟ್ಟಾದರೆ ಹೇಗೆ?”

“ಕೆಸರಾಗುತ್ತೆ ಅಂತ...”

“ನಮ್ಮ ಅಜ್ಜಿ ಮನೇಲೂ ಕೆಸರಿತ್ತು. ಬಚ್ಚಲ ನೀರು ಹಿತ್ತಿಲ ಬಾಳೆ ಬುಡಕ್ಕೆ, ಅಲ್ಲಿಂದ ಕರಿಬೇವಿಗೆ. ಸ್ನಾನ ಮುಗಿಸಿ ಬಂದರೆ ಅಜ್ಜಿ ಮೊದಲು ಕೇಳ್ತಿದ್ದಳು, ನೀರು ಕರಿಬೇವಿನ ತನಕ ಮುಟ್ಟಿತಾ ಅಂತ. ಮುಟ್ಟದಿದ್ದರೆ ಇನ್ನೊಂದು ಕೊಡ ಸುರೀಬೇಕು. ಬಡಿಸೋರು ನಾವೇ ಇದ್ದಿವಿ. ಕದ್ದು ಉಣ್ಣೋ ಗತಿ ಗಿಡಕ್ಕೆ ಬಂದಿರಲಿಲ್ಲ.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕುಲಕರ್ಣಿ ಮಾತ್ರ ಇನ್ನೊಂದು ಪ್ಲೇಟ್ ಮಿರ್ಚಿ ಹೇಳಿದ.

“ಈಗ ಏನು ಮಾಡಲಿ ಹೇಳು,” ಅಂದ ಬಸಣ್ಣ.

“ರಾಡ್ ಹಾಕಿಸಿ ಬೇರು ಕತ್ತರಿಸು. ಬರೀ ಕತ್ತರಿಸಿದರೆ ಮತ್ತೆ ಚಿಗುರುತ್ತೆ, ಆ ಪೈಪೇ ತೆಗೆಸಿ ಪಿವಿಸಿ ಹಾಕಿಸು. ಜಾಯಿಂಟ್ ಅಂಟಿಸೋವಾಗ ಎದುರಿಗೆ ನಿಂತುಕೋ. ಮರದ ಸುತ್ತ ಪೇವರ್ಸ್ ಕೀಳಿಸು. ಇನ್ನೊಂದು, ಯಾರನ್ನೂ ಟ್ಯಾಂಕಿಗೆ ಇಳಿಸಬೇಡ. ಐನೂರು ಜಾಸ್ತಿ ಕೊಡ್ತೀನಿ ಇಳಿ ಅನ್ನಬೇಡ. ಒಳಗಿನ ಗ್ಯಾಸಿಗೆ ಮನುಷ್ಯ ಕೂಗೋದರೊಳಗೆ ಬಿದ್ದುಬಿಡ್ತಾನೆ. ರಕ್ಷಣೆ ಇಲ್ಲದೆ ಇಳಿಸೋದು 2013ರ ಕಾಯ್ದೆ ಪ್ರಕಾರ ಅಪರಾಧ.” ಈ ಮಾತಿಗೆ ಹಿರೇಮಠ ನಗಲಿಲ್ಲ.

“ಪೇವರ್ಸ್ ಕೀಳಿಸಿದರೆ ಕಾರು ಎಲ್ಲಿ ನಿಲ್ಲಿಸಲಿ?”

“ವೈನಿಯನ್ನ ಕೇಳು. ಸುತ್ತು ಹಾಕೋಕೆ ಅಡ್ಡ ಬರುತ್ತೆ ಅಂತ ಅವರು ಆಗಲೇ ಎಲ್ಲೋ ಜಾಗ ನೋಡಿರ್ತಾರೆ.”

ಕುಲಕರ್ಣಿ ಮಿರ್ಚಿ ಕೈಯಲ್ಲೇ ಹಿಡಿದು ಕೂತಿದ್ದ. “ನಾಳೆ ನಮ್ಮನೆಗೆ ಪೇವರ್ಸ್ ಲೋಡ್ ಬರುತ್ತೆ. ಅಡ್ವಾನ್ಸ್ ಕೊಟ್ಟಾಗಿದೆ. ಆದರೆ ನಮ್ಮಲ್ಲಿ ಒಂದೂ ಮರ ಇಲ್ಲ, ಚಿಂತೆ ಇಲ್ಲ ಬಿಡು.”

“ನಿನ್ನ ಟ್ಯಾಂಕ್ ಎಲ್ಲಿದೆ?”

“ವಾಯವ್ಯಕ್ಕೆ. ವಾಸ್ತು ಪ್ರಕಾರ ಅಲ್ವಾ! ಬಸಣ್ಣನ ಕಾಂಪೌಂಡಿಗೆ ಹೊಂದಿ.”

“ಒಳ್ಳೇದಾಯ್ತು,” ಅಂದ ಹಿರೇಮಠ. “ಬಸಣ್ಣನ ಖಾನಾವಳಿ ಈ ವಾರ ಬಂದ್. ನಿನ್ನ ಅಡ್ರೆಸ್ ಮರಕ್ಕೆ ನಾವೇನೂ ಹೇಳಬೇಕಾಗಿಲ್ಲ.”