ಉ: 'ಪೋತದಾರ' ಅಂದರೆ ಏನು? ಮನೆ ಫಲಕಕ್ಕೆ ಹೇಗೆ ಬರೆಸಲಿ?

ಮೇಡಂ, ನಿಮ್ಮ ಮನೆತನದ ಹೆಸರನ್ನು ಹೇಗೆ ಕೆತ್ತಬೇಕು ಅಂತ ಕಲ್ಲು ಕೆತ್ತುವವರು ನಾಳೆಯೇ ಕೇಳುತ್ತಿದ್ದಾರೆ ಅಂದಿದ್ದೀರಿ, ಹಾಗಾಗಿ ಮೊದಲು ಅದು. 'ಪೋತದಾರ' ಅಂತಲೇ ಕೆತ್ತಿಸಿ. 'ಪೋದ್ದಾರ' ಬೇಡ, ಅದು ಬಂಗಾಳಿಗಳ, ಮಾರ್ವಾಡಿಗಳ ರೂಪ. 'ಪೋತ್‌ದಾರ್' ಕೂಡ ಬೇಡ. ಇನಾಮದಾರ, ಜಹಗೀರದಾರ ಅಂತ ಬರೆಯುವ ಸೀಮೆ ನಿಮ್ಮದು, ಅಲ್ಲಿ ಹೆಸರಿನ ಕೊನೆಗೆ ಅರ್ಧಾಕ್ಷರ ಯಾಕೆ?

ಇನ್ನು ಅರ್ಥ. ಸಂಸ್ಕೃತದ ಪೋತ ಅಂದರೆ ಹಡಗು, ಆದ್ದರಿಂದ ಪೋತದಾರರು ಹಡಗಿನ ಒಡೆಯರು ಅಂತ ನಿಮ್ಮ ಪ್ರಶ್ನೆಗೆ ಒಬ್ಬರು ಉತ್ತರ ಬರೆದಿದ್ದಾರೆ. ತಪ್ಪು. ಈ ಹೆಸರು ಇರುವುದು ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ, ಕರಾವಳಿಯಲ್ಲಲ್ಲ. ಹಳೆಗನ್ನಡದ ಪೋತದಿಂದ ಬಂತು ಅನ್ನುವುದೂ ನಿಲ್ಲುವುದಿಲ್ಲ. ಆ ಪಕಾರ ಎಂದೋ ಹಕಾರವಾಗಿ ಹೋತ ಆಯಿತು, ಆಡಿನ ಹೋತ. ಇಲ್ಲಿ ಪಕಾರ ಹಾಗೇ ಉಳಿದಿದೆ ಅಂದರೆ ಪದ ಆಮೇಲೆ ಬಂದದ್ದು. ಮೂಲ ಪಾರಸಿಯ ಫೋತಾದಾರ್. ಫೋತಾ ಅಂದರೆ ಹಣದ ಚೀಲ, ಬೊಕ್ಕಸ; ದಾರ್ ಅಂದರೆ ಅದನ್ನು ಇಟ್ಟುಕೊಂಡವನು. ಫಿರ್ಯಾದಿ ನಮ್ಮ ಬಾಯಲ್ಲಿ ಪಿರ್ಯಾದಿ ಆದ ಹಾಗೆ ಇದೂ. ಕಾಶ್ಮೀರದಲ್ಲಿ ಫೋತೇದಾರ್ ಅನ್ನುವ ಮನೆತನಗಳು ಇವತ್ತಿಗೂ ಇವೆ, ಅದೇ ಪದ.

ಪೋತದಾರರ ಕೆಲಸ ಏನು ಅಂದರೆ ಬೊಕ್ಕಸಕ್ಕೆ ಬರುವ ನಾಣ್ಯ ಪರೀಕ್ಷೆ ಮಾಡುವುದು. ಆಗ ಒಂದೇ ಸಂತೆಯಲ್ಲಿ ಬೇರೆ ಬೇರೆ ಟಂಕಸಾಲೆಗಳ ಹೊನ್ನು, ರೂಪಾಯಿ ಓಡಾಡುತ್ತಿದ್ದವು, ತೂಕ ಬೇರೆ, ಬೆರಕೆ ಬೇರೆ. ಕಂದಾಯಕ್ಕೆ ಬಂದ ನಾಣ್ಯವನ್ನು ತಕ್ಕಡಿಗೆ ಹಾಕಿ, ಒರೆಗಲ್ಲಿಗೆ ಉಜ್ಜಿ, ಸವೆದದ್ದಕ್ಕೆ ಬಟ್ಟಾ, ಅಂದರೆ ಬೆಲೆಯಲ್ಲಿ ಕಡಿತ, ಮುರಿದುಕೊಂಡು ಒಳಗೆ ಇಡಬೇಕಿತ್ತು. ಹಳ್ಳಿಗಳಲ್ಲಿ ಈ ಕೆಲಸ ಜಾಸ್ತಿ ಅಕ್ಕಸಾಲಿಗರ ಕೈಯಲ್ಲಿತ್ತು, ಅದಕ್ಕೇ ಪೋತದಾರ ಅಂದರೆ ಪತ್ತಾರರು, ಅಂದರೆ ಅಕ್ಕಸಾಲಿಗ ಜಾತಿಯವರು, ಅಂತ ಜನ ತಿಳಿಯುತ್ತಾರೆ. ಆದರೆ ಇದು ಹುದ್ದೆಯ ಹೆಸರು, ಜಾತಿಯದ್ದಲ್ಲ. ಪುಣೆಯ ಇತಿಹಾಸಕಾರ ದತ್ತೋ ವಾಮನ ಪೋತದಾರ ಬ್ರಾಹ್ಮಣರು. 1835ರಲ್ಲಿ ಕಂಪನಿ ಸರ್ಕಾರ ತನ್ನ ಸೀಮೆಗೆಲ್ಲ ಒಂದೇ ತೂಕದ ರೂಪಾಯಿ ತಂದ ಮೇಲೆ ಈ ಕಸುಬು ಸೊರಗಿತು. ಹೆಸರು ಮಾತ್ರ ಮನೆಗೆ ಅಂಟಿಕೊಂಡಿತು.

'ಹೊನ್ನಿಗ' ಅಂತ ಬದಲಿಸಿ, ಪಾರಸಿ ಯಾಕೆ ಅಂದ ಗೆಳೆಯರಿಗೆ ಒಂದು ಮಾತು. ಪೋತದಾರದ ಕೊನೆಯ ಆ 'ದಾರ'ವನ್ನು ನಾವು ಯಾವತ್ತೋ ನಮ್ಮದು ಮಾಡಿಕೊಂಡಿದ್ದೇವೆ. ಪಾಲುದಾರ, ಗುತ್ತಿಗೆದಾರ, ಒತ್ತುವರಿದಾರ, ಇವೆಲ್ಲ ಕನ್ನಡದ ನೆಲದಲ್ಲೇ ಹುಟ್ಟಿದ ಪದಗಳು. ಇವನ್ನೂ ಕಿತ್ತು ಹಾಕುತ್ತೀರಾ? 'ದಾರ'ದ ಬದಲು ಬಳಸಿ ಅಂತ ನೀವು ಹೇಳುವ 'ಗಾರ' ಕೂಡ ಸಂಸ್ಕೃತದ 'ಕಾರ'ದಿಂದ ಬಂದದ್ದು, ಅದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ಹೊಸ ಯಂತ್ರಕ್ಕೆ, ಹೊಸ ಕಾಯಿದೆಗೆ ಅಚ್ಚಗನ್ನಡ ಪದ ಕಟ್ಟೋಣ, ನಾನೂ ಜೊತೆಗೆ ಬರುತ್ತೇನೆ. ಒಬ್ಬರ ಮನೆತನದ ಹೆಸರನ್ನು ಸುಮ್ನೆ ತಿದ್ದಲು ಹೋಗಬೇಡಿ, ಅದು ಅವರ ಅಜ್ಜ ಮುತ್ತಜ್ಜಂದಿರ ಗುರುತು.

ಮೇಡಂ, ಮನೆಯಲ್ಲಿ ಹಳೆಯ ಕಾಗದಪತ್ರ ಇದ್ದರೆ, ಅದರಲ್ಲೂ ಮೋಡಿ ಲಿಪಿಯವು (ಮರಾಠಿಯನ್ನು ಹಿಂದೆ ಬರೆಯುತ್ತಿದ್ದ ಕೂಡುಬರಹ), ಒಂದು ಫೋಟೋ ಕಳಿಸಿ. ನಿಮ್ಮ ಹಿರಿಯರು ಯಾವ ಊರಿನ ಪೋತದಾರರು ಅನ್ನುವುದು ಅದರಲ್ಲಿ ಸಿಕ್ಕರೂ ಸಿಗಬಹುದು.